ಕ್ರೀಡಾಕೂಟ ಬಂದರೆ ಊರಿಗೆ ಕೆಲಸ ಬರುತ್ತದಾ?

ಶಾರದಾ: 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದ್‌ಗೆ ಸಿಕ್ಕಿದೆ. ಊರಿನವರಿಗೆ ಕೈತುಂಬ ಕೆಲಸ ಸಿಗುತ್ತದೆ ಎನ್ನುತ್ತಿದ್ದಾರೆ. ನಿಜಾನಾ?

ಹುಬ್ಬಳ್ಳಿ ಹುಡುಗ: ಯಾಕೆ ಸಿಗಲ್ಲ ಮೇಡಂ? 1992ರ ಒಲಿಂಪಿಕ್ಸ್‌ಗೆ ಬಾರ್ಸಿಲೋನಾದವರು ಸ್ಟೇಡಿಯಂ ಜೊತೆಗೆ ಕಡಲತೀರವನ್ನೂ ಸರಿಮಾಡಿಕೊಂಡರು. ಪ್ರವಾಸಿಗರು ಇವತ್ತಿಗೂ ಬರುತ್ತಿದ್ದಾರೆ. ಆಟ ಮುಗಿದರೂ ಹೋಟೆಲ್ ಕೆಲಸ ಉಳಿಯಿತು, ಅಲ್ವಾ?

ಮೇಸ್ತ್ರಿ ಮಗ: ಬಾರ್ಸಿಲೋನಾ ಯಾಕೆ, ದೆಹಲಿಯನ್ನೇ ನೋಡಿ. 1982ರ ಏಷ್ಯಾಡ್‌ಗೆ, ಅಂದರೆ ಏಷ್ಯನ್ ಕ್ರೀಡಾಕೂಟಕ್ಕೆ, ರಾಜಸ್ಥಾನ, ಉತ್ತರ ಪ್ರದೇಶ, ಒಡಿಶಾದ ಕೂಲಿಗಳು ಬಂದರು. ಆಗಿನ ಕನಿಷ್ಠ ದಿನಗೂಲಿ 9 ರೂಪಾಯಿ 25 ಪೈಸೆ. ಗುತ್ತಿಗೆದಾರ ಹಣವನ್ನು ಕೂಲಿಗಳನ್ನು ಕರೆತಂದ ಜಮಾದಾರನ ಕೈಗೆ ಕೊಡುತ್ತಿದ್ದ. ಅವನು ತಲೆಗೆ ಒಂದು ರೂಪಾಯಿ ಹಿಡಿದುಕೊಂಡು 8.25 ಕೊಡುತ್ತಿದ್ದ. ಪಿಯುಡಿಆರ್ ಎಂಬ ಜನರ ಹಕ್ಕುಗಳ ಸಂಘಟನೆ ಇದನ್ನು ಸುಪ್ರೀಂ ಕೋರ್ಟ್‌ವರೆಗೆ ಒಯ್ದಿತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿದರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದು ನ್ಯಾಯಮೂರ್ತಿ ಪಿ. ಎನ್. ಭಗವತಿ ತೀರ್ಪು ಕೊಟ್ಟರು. ಇಷ್ಟಾದ ಮೇಲೂ 2010ರ ಕಾಮನ್‌ವೆಲ್ತ್ ಸಮಯದಲ್ಲಿ ಅದೇ ಪಿಯುಡಿಆರ್ ಕೂಲಿಗಾಗಿಯೇ ದೆಹಲಿ ಹೈಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. ಹೊಟ್ಟೆ ಉರಿಯುತ್ತದೆ.

ಹುಬ್ಬಳ್ಳಿ ಹುಡುಗ: ಅದು ಗುತ್ತಿಗೆದಾರರ ತಪ್ಪು. ಅದಕ್ಕೆ ಕ್ರೀಡಾಕೂಟವೇ ಬೇಡ ಅನ್ನೋಕಾಗುತ್ತಾ?

ಮೇಸ್ತ್ರಿ ಮಗ: ಬೇಡ ಅಂತ ನಾನೆಲ್ಲಿ ಹೇಳಿದೆ? ಉದ್ಘಾಟನೆ ದಿನ ಗೊತ್ತಾದ ಮೇಲೆ ಸೈಟ್‌ನಲ್ಲಿ ಅವಸರ ಶುರುವಾಗುತ್ತದೆ. ರಾತ್ರಿ ಪಾಳಿ ಹಾಕುತ್ತಾರೆ. ಓವರ್‌ಟೈಮ್ ಲೆಕ್ಕ ಕೇಳಿದವನನ್ನು ಮರುದಿನ ಒಳಗೆ ಬಿಡುವುದಿಲ್ಲ. ನಮ್ಮಪ್ಪನ ಜೊತೆ ಬೆಳೆದವನು ನಾನು, ಇದನ್ನೆಲ್ಲ ಕಣ್ಣಾರೆ ಕಂಡಿದ್ದೇನೆ.

ಶಾರದಾ: 2010ರಲ್ಲಿ ದೆಹಲಿಯ ಬೀದಿ ವ್ಯಾಪಾರಿಗಳನ್ನೂ ಎಬ್ಬಿಸಿದ್ದರು. ಚಹಾ ಗಾಡಿಯವನೂ ಊರಿನವನೇ ತಾನೆ? ಇದ್ದ ದುಡಿಮೆ ಹೋದದ್ದನ್ನು ಯಾರೂ ಲೆಕ್ಕಕ್ಕೇ ಹಿಡಿಯಲ್ಲ.

ಕೋರಮಂಗಲದವಳು: ನಮ್ಮಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಕಟ್ಟಿದ ಗೇಮ್ಸ್ ವಿಲೇಜ್‌ನಲ್ಲಿ ಈಗ ಸಂಸಾರಗಳಿವೆ. ಕಂಠೀರವದಲ್ಲಿ ಮಕ್ಕಳು ಓಡುತ್ತಾರೆ, ಕೋಚ್‌ಗಳಿಗೆ ಕೆಲಸವಿದೆ. ಜಾಸ್ತಿ ಜನಕ್ಕಲ್ಲ, ಆದರೆ ವರ್ಷವಿಡೀ ನಡೆಯುವ ಕೆಲಸ. ಕ್ರೀಡಾಂಗಣವನ್ನು ಆಮೇಲೆ ಯಾರು ಬಳಸುತ್ತಾರೆ ಅಂತ ಮೊದಲೇ ತೀರ್ಮಾನಿಸಬೇಕು.

ಹುಬ್ಬಳ್ಳಿ ಹುಡುಗ: ಇದನ್ನು ಒಪ್ಪುತ್ತೇನೆ. ಕೂಲಿಯ ವಿಷಯಕ್ಕೆ ಏನು ಮಾಡಬೇಕು ಅಣ್ಣಾ?

ಮೇಸ್ತ್ರಿ ಮಗ: ಕೂಲಿ ಜಮಾದಾರನ ಕೈಗಲ್ಲ, ನೇರ ಕೂಲಿಯವರ ಖಾತೆಗೆ ಹೋಗಬೇಕು. ಕಟ್ಟಡ ವೆಚ್ಚದ ಮೇಲೆ ಕಾರ್ಮಿಕರ ಕಲ್ಯಾಣಕ್ಕೆಂದೇ ಸೆಸ್ ಹಾಕುತ್ತಾರೆ. ಆದರೆ ಕಾರ್ಮಿಕ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗದವನಿಗೆ ಅದರಲ್ಲಿ ಪೈಸೆಯೂ ಇಲ್ಲ. ಸೈಟ್ ಗೇಟಿನಲ್ಲೇ ಮೇಜು ಹಾಕಿ ನೋಂದಣಿ ಮಾಡಲಿ. ಟೆಂಡರ್‌ನಲ್ಲೇ ಈ ಷರತ್ತು ಬರೆಯಲಿ, ಈಗಲೇ.