ಪ್ರಾರ್ಥನೆಗೆ ಕೂತ್ರೆ ಬಾಯೇ ಬರಲ್ಲ, ಇಂಥ ಕಾಲ ದಾಟಿದವ್ರು ಹೇಗೆ ದಾಟಿದ್ರಿ?

ಕೇಳ್ತಿರೋದು: ಹಾಸನದವಳು, ಈಗ ಬೆಂಗಳೂರು

ಎಲ್ರಿಗೂ ನಮಸ್ಕಾರ. ಹುಟ್ಟಿದಾಗಿಂದ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ ನಮ್ದು, ಸಂಡೇ ಸ್ಕೂಲು, ಯೂತ್, ಕ್ವಯರ್ ಎಲ್ಲಾ ಆಗಿದೆ. ಹೋದ ವರ್ಷ ಅಪ್ಪಂಗೆ ಕಿಡ್ನಿ ಫೇಲ್ ಆಯ್ತು. ಡಯಾಲಿಸಿಸ್ ನಡೀತಿದ್ದಷ್ಟು ದಿನವೂ ಸಭೆಯವ್ರು ಉಪವಾಸ ಪ್ರಾರ್ಥನೆ ಮಾಡಿದ್ರು, ಒಬ್ರಂತೂ ಮನೆಗೇ ಬಂದು ಕರ್ತರು ವಾಸಿ ಮಾಡ್ತಾರೆ ಅಂತ ನಂಗೆ ದರ್ಶನ ಆಗಿದೆ ಅಂದ್ರು, ಆದ್ರೂ ಅಪ್ಪ ಹೋಗ್ಬಿಟ್ರು. ಆಮೇಲೆ ಅವ್ರೇ, ಮನೇಲಿ ಯಾರಿಗೋ ನಂಬಿಕೆ ಕಮ್ಮಿ ಇತ್ತು ಅಂತ ಅಮ್ಮನ ಮುಂದೆ ಹೇಳಿದ್ರು. ಆವಾಗಿಂದ ಪ್ರಾರ್ಥನೆಗೆ ಕೂತ್ರೆ ಗೋಡೆ ನೋಡ್ತಾ ಕೂತಿರ್ತೀನಿ. ದೇವ್ರು ಇದ್ದಾರೋ ಇಲ್ವೋ ಅನ್ನೋ ಪ್ರಶ್ನೆ ಮೊದ್ಲು ಬಂದೇ ಇರ್ಲಿಲ್ಲ, ಈಗ ದಿನಾ ಬರುತ್ತೆ. ಭಾನುವಾರ ಕ್ವಯರಲ್ಲಿ ನಿಂತು ಹಾಡೋವಾಗ ಸುಳ್ಳು ಹೇಳ್ತಿದೀನಿ ಅನ್ಸುತ್ತೆ. ಬಿಟ್ಬಿಡ್ಲಾ? ಅಮ್ಮಂಗೆ ಹೇಳ್ಲಾ? ಬೈಬಲ್ ಓದಿ, ಜಾಸ್ತಿ ಪ್ರಾರ್ಥನೆ ಮಾಡಿ ಅಂತ ಮಾತ್ರ ದಯವಿಟ್ಟು ಹೇಳ್ಬೇಡಿ, ಅದನ್ನ ಆಲ್ರೆಡಿ ತುಂಬಾ ಜನ ಹೇಳಿದಾರೆ. ನಿಮಗೇನಾಯ್ತು, ಏನು ಮಾಡಿದ್ರಿ, ಅದು ಹೇಳಿ.

ಧಾರವಾಡ

ತಂಗಿ, ಮೊದಲಿಗೆ ಆ ದರ್ಶನದ ಮಾತು ತಲಿಯಿಂದ ತಗದು ಹಾಕ್ರಿ. ಯೇಸುಸ್ವಾಮಿ ಸುದ್ದಿ ಊರೂರಿಗೆ ಸಾರಿದ ಪೌಲ, ಅಂಥಾ ಪೌಲನ ತನ್ನ ಜೊತಿಗಿದ್ದ ತ್ರೊಫಿಮನ್ನ ಮಿಲೇತದಾಗ ಜಡ್ಡು ಬಿದ್ದಾಗ ಅಲ್ಲೇ ಬಿಟ್ಟು ಬಂದೆ ಅಂತ ತಿಮೊಥೆಯನಿಗೆ ಬರದ ಎರಡನೇ ಪತ್ರದ ಕೊನಿಗೆ ಬರದಾನ, ಅಲ್ಲಿ ಯಾರ ನಂಬಿಕಿ ಕಮ್ಮಿ ಇತ್ತು ಅಂತ ಕೇಳ್ರಿ ಅವರನ್ನ. ತನ್ನ ಮೈಯಾಗಿನ ಮುಳ್ಳು ತಗಿ ಅಂತ ಪೌಲ ಮೂರು ಸಲ ಬೇಡಿಕೊಂಡ, ಅದೂ ಹೋಗಲಿಲ್ಲ. ಹುಟ್ಟು ಕುರುಡನ್ನ ತೋರಿಸಿ ಇದು ಯಾರ ಪಾಪ, ಇವಂದೋ ಇವನ ತಂದಿತಾಯಿದೋ ಅಂತ ಶಿಷ್ಯರು ಕೇಳಿದ್ರ ಯೇಸುಸ್ವಾಮಿ ಇಬ್ಬರದೂ ಅಲ್ಲ ಅಂದ. ಇಷ್ಟೆಲ್ಲಾ ಪುಸ್ತಕದಾಗ ಇಟಕೊಂಡು ಸತ್ತ ಮನಿಗೆ ಬಂದು ಲೆಕ್ಕ ಹಚ್ಚೋ ಮಂದಿಗೆ ಏನನ್ನಬೇಕೋ ನನಗಂತೂ ಗೊತ್ತಿಲ್ಲ.

ಇನ್ನ ನನ್ನ ಕತಿ. ಹೆಣ್ತಿ ತೀರಿಕೊಂಡ ಮ್ಯಾಲೆ ನನಗೂ ಹಿಂಗ ಆಗಿತ್ತು, ನನ್ನ ಮಾತು ನನಗ ಹುಟ್ಟತಿದ್ದಿಲ್ಲ. ಆವಾಗ ನಮ್ಮ ಚರ್ಚಿನ ಹಳೇ ಅಯ್ಯನವರು, ಪಾದ್ರಿ ಒಬ್ಬರು, ರಿಟೈರ್ ಆಗಿದ್ರು, ನಿನ್ನ ಮಾತು ಬ್ಯಾಡ ಬಿಡು, ಬೈಬಲ್ಲಿನ 88ನೇ ಕೀರ್ತನೆ ಓದು ಅಷ್ಟ ಸಾಕು ಅಂದ್ರು. ಓದಿ ನೋಡ್ರಿ, ಬ್ಯಾರೆ ಕೀರ್ತನಿಗಳು ಹೆಚ್ಚಿನವು ಎಷ್ಟ ಅತ್ತರೂ ಕೊನಿಗೆ ಬಂದು ಆದರೂ ನಿನ್ನ ಸ್ತುತಿಸ್ತೀನಿ ಅಂತಾವು, ಇದು ಹಂಗ ಅನ್ನಂಗಿಲ್ಲ, ಕತ್ತಲಿಯೊಳಗ ಶುರು ಆಗಿ ಕತ್ತಲಿಯೊಳಗ ಮುಗೀತೈತಿ, ಗೆಳ್ಯಾರನ್ನೆಲ್ಲ ನನ್ನಿಂದ ದೂರ ಮಾಡಿದಿ ಅಂತ ದೇವರಿಗೇ ಅಂದು ಮುಗಿಸ್ಯಾನ ಪುಣ್ಯಾತ್ಮ. ಅದನ್ನ ಯಾರೂ ಹರದು ಒಗೀಲಿಲ್ಲ, ಇಷ್ಟು ಸಾವಿರ ವರ್ಷ ಗುಡಿಯೊಳಗ ಹಾಡಿಕೊಂಡ ಬಂದಾರ. 13ನೇದು ಇನ್ನೂ ಸಣ್ಣದು, ಎಷ್ಟರವರೆಗೆ ಎಷ್ಟರವರೆಗೆ ಅಂತ ನಾಲ್ಕು ಸಲ ಕೇಳ್ತಾನ. ಕೀರ್ತನಿಗಳು 150 ಅದಾವು, ಅದರಾಗ ಮೂರರಾಗ ಒಂದು ಪಾಲು ಇಂಥಾ ಗೋಳಿನವ. ಆದರ ಭಾನುವಾರ ನಾವು ಹಾಡೋದು ಬರೇ ಜಯ ಜಯ ಅನ್ನೋವಷ್ಟ, ಅದಕ್ಕ ದುಃಖ ಇದ್ದವರಿಗೆ ಚರ್ಚಿನಾಗ ಜಾಗಾ ಇಲ್ಲ ಅನಸ್ತೈತಿ. ನೀವು ಬೈಬಲ್ ಓದ್ರಿ ಅನಬ್ಯಾಡ್ರಿ ಅಂದಿದ್ರಿ, ನಾ ಅದನ್ನ ಹೇಳಿಬಿಟ್ಟೆ ನೋಡ್ರಿ. ಇದು ಸಮಾಧಾನಕ್ಕ ಓದೋದಲ್ಲ, ಜಗಳಕ್ಕ ಓದೋದು.

ಮಂಗಳೂರು

ನಾವು ಕ್ಯಾಥೊಲಿಕರು, ಮನೆಯಲ್ಲಿ ಕೊಂಕಣಿ, ನನ್ನ ಕನ್ನಡ ಸ್ವಲ್ಪ ಹೀಗೆಯೇ. ನನಗೆ ಸಾವು ನೋವು ಏನೂ ಆಗಿರ್ಲಿಲ್ಲ ಮಾರಾಯ್ತಿ, ಸುಮ್ಮನೆ ಒಂದು ತಪಸ್ಸು ಕಾಲದಲ್ಲಿ, ಈಸ್ಟರಿನ ಮುಂಚಿನ ಉಪವಾಸದ ದಿನಗಳಲ್ಲಿ, ಎಲ್ಲ ಒಣಗಿ ಹೋಯ್ತು. ಪೂಜೆಗೆ ಹೋಗುವುದು, ಪ್ರಸಾದ ತೆಗೆದುಕೊಳ್ಳುವುದು, ಬರುವುದು, ಒಳಗೆ ಎಂತ ಇಲ್ಲ. ಪಾಪನಿವೇದನೆಯಲ್ಲಿ ಇದನ್ನೇ ಹೇಳಿದೆ, ಬೈತಾರೆ ಅಂತ ಇದ್ದೆ. ಆ ಫಾದರ್ ಜೆಸ್ವಿಟ್ ಅಂತ ಪಾದ್ರಿಗಳ ಸಂಘದವರು, ಅವರು ಬೈಲಿಲ್ಲ, ಆ ಸಂಘ ಕಟ್ಟಿದ ಸಂತ ಇಗ್ನೇಷಿಯಸ್ಸರ ಒಂದು ನಿಯಮ ಹೇಳಿದ್ರು, ಮನಸ್ಸು ಕತ್ತಲೆಯಲ್ಲಿರುವಾಗ ಹೊಸ ನಿರ್ಧಾರ ಮಾಡ್ಬಾರದು, ಬೆಳಕಿದ್ದಾಗ ಎಂತ ನಿರ್ಧಾರ ಮಾಡಿದ್ದಿಯೋ ಅದನ್ನೇ ಹಿಡ್ಕೊಂಡು ಇರ್ಬೇಕು ಅಂತ. ಆ ಸಂತರು ಪುಸ್ತಕ ಓದಿ ಹೇಳಿದ ಮಾತಲ್ಲ ಅದು, 1522ರಲ್ಲಿ ಸ್ಪೇನಿನ ಮನ್ರೇಸಾ ಅಂತ ಊರಲ್ಲಿದ್ದಾಗ ಪಾಪಭೀತಿ ಹೆಚ್ಚಾಗಿ ಜೀವ ಕಳೆದುಕೊಳ್ಳುವ ಯೋಚನೆ ತನಕ ಹೋಗಿದ್ರಂತೆ ಇಗ್ನೇಷಿಯಸ್ಸರು.

ಮದರ್ ತೆರೇಸಾ ಅವರದ್ದು ನಿಮಗೆ ಗೊತ್ತಿರಬಹುದು. 1997ರಲ್ಲಿ ಅವರು ತೀರಿಹೋದ ಮೇಲೆ 2007ರಲ್ಲಿ ಅವರ ಪತ್ರಗಳು ಹೊರಗೆ ಬಂದವು, ಹತ್ತಿರ ಹತ್ತಿರ 50 ವರ್ಷ ಒಳಗೆ ಬರೀ ಕತ್ತಲೆ ಅಂತ ಗೊತ್ತಾಗಿ ಎಲ್ಲರಿಗೂ ಶಾಕ್. 1979ರಲ್ಲಿ ನೊಬೆಲ್ ತೆಗೆದುಕೊಂಡಾಗಲೂ ಅದೇ ಸ್ಥಿತಿ. ಕೆಲವರು ನೋಡಿ ಇವರೂ ನಾಟಕ ಅಂದ್ರು. ನನಗೆ ಹಾಗೆ ಅನ್ನಿಸ್ಲಿಲ್ಲ. 1960ರ ದಶಕದ ಶುರುವಿನಲ್ಲಿ ಜೋಸೆಫ್ ನಾಯ್ನರ್ ಅಂತ ಒಬ್ಬರು ಜೆಸ್ವಿಟ್ ಫಾದರ್, ಆಸ್ಟ್ರಿಯಾದವರು, ಪುಣೆಯಲ್ಲಿ ಪಾಠ ಮಾಡ್ತಿದ್ದವರು, ಅವರು ಮದರ್‌ಗೆ ಹೇಳಿದ್ದು ಇಷ್ಟೇ, ಇದಕ್ಕೆ ಮನುಷ್ಯರ ಹತ್ತಿರ ಮದ್ದಿಲ್ಲ, ದೇವರ ಅನುಭವ ಆಗದೆ ಇರುವುದು ದೇವರು ಇಲ್ಲ ಎನ್ನುವುದಕ್ಕೆ ಸಾಕ್ಷಿ ಅಲ್ಲ, ನಿನಗೆ ಅವರು ಬೇಕು ಅಂತ ಇಷ್ಟು ಅನ್ನಿಸ್ತದಲ್ಲ ಅದೇ ಒಂದು ಗುರುತು. ಅಷ್ಟು ಕೇಳಿದ ಮೇಲೂ ಕತ್ತಲೆ ಹೋಗ್ಲಿಲ್ಲ, ಆದರೆ ಅದರ ಜೊತೆ ಇರ್ಲಿಕ್ಕೆ ಅವರಿಗೆ ಆಯ್ತು. ಅದು ನಂಗೆ ತುಂಬ ಹೆಲ್ಪ್ ಮಾಡಿದ್ದು.

ಮತ್ತೆ ಒಂದು, ನಮ್ಮಲ್ಲಿ ರಾತ್ರಿ ಮನೆಯವರೆಲ್ಲ ಕೂತು ರೊಸಾರಿಯೊ ಹೇಳುವುದು ಉಂಟಲ್ಲ, ನನಗೆ ಬಾಯಿ ಬರದಿದ್ದ ದಿನ ಅತ್ತೆ ಹೇಳ್ತಿದ್ರು, ನಾನು ಪಕ್ಕದಲ್ಲಿ ಸುಮ್ಮನೆ ಕೂತದ್ದು. ನಿಮ್ಮ ಕಡೆ ಜಪಮಾಲೆ ಇಲ್ಲ ಗೊತ್ತುಂಟು, ಆದ್ರೂ ಬೇರೆಯವರು ನಮ್ಮ ಬದಲಿಗೆ ಹೇಳುವುದು ಅಂತ ಒಂದು ಇದೆ, ಅದನ್ನು ಬಿಡ್ಬೇಡಿ.

ಬೆಂಗಳೂರು, ಸದ್ಯ ಚರ್ಚಿಗೆ ಹೋಗದವನು

ನಾನು ಸ್ವಲ್ಪ ಬೇರೆ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಇಲ್ಲಿ ಎಲ್ರೂ ದಾಟಿ ವಾಪಸ್ ಬಂದವ್ರ ತರ ಮಾತಾಡ್ತಿದಾರೆ, ನಾನು ಬಂದಿಲ್ಲ. ಒಂದು ಪೆಂಟೆಕೋಸ್ಟ್ ಸಭೇಲಿ ಬೆಳೆದೆ, ಅಲ್ಲಿ ಪ್ರಶ್ನೆ ಕೇಳಿದ್ರೆ ಸೈತಾನನ ಶೋಧನೆ, ಇನ್ನೊಂದ್ಸಲ ಕೇಳಿದ್ರೆ ಹಿಂಜಾರಿದವನು, ಮೂರನೇ ಸಲ ಕೇಳಿದ್ರೆ ನಿನ್ನ ಮೇಲೆ ಕೈಯಿಟ್ಟು ಪ್ರಾರ್ಥನೆ. ನನ್ನ ಪ್ರಶ್ನೆಗಳು ನಿಮ್ಮ ತರ ದುಃಖದಿಂದ ಬಂದವಲ್ಲ, ಯೇಸುವಿನ ಜೀವನ ಹೇಳೋ ನಾಲ್ಕು ಸುವಾರ್ತೆಗಳನ್ನ ಪಕ್ಕಪಕ್ಕ ಇಟ್ಟು ಓದಿದ್ರೆ ಪುನರುತ್ಥಾನದ ದಿನ ಸಮಾಧಿ ಹತ್ರ ಯಾರ್ಯಾರು ಹೋದ್ರು ಅನ್ನೋದೇ ಒಂದೊಂದ್ರಲ್ಲಿ ಒಂದೊಂದು ತರ ಇದೆ, ಆಮೇಲೆ ನಮ್ಮ ಅಜ್ಜಿ ಕ್ರೈಸ್ತಳಲ್ಲ ಅಷ್ಟಕ್ಕೇ ನರಕಕ್ಕಾ, ಇಂಥವು. ಇವುಗಳಿಗೆ ಉತ್ತರ ಇಲ್ಲ ಅಂತಲ್ಲ, ದೇವಶಾಸ್ತ್ರ ಓದಿದವ್ರು ಇದನ್ನೆಲ್ಲ ಆರಾಮಾಗಿ ಚರ್ಚೆ ಮಾಡ್ತಾರೆ, ಬೆಂಗಳೂರಲ್ಲೇ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು 1910ರಿಂದ ಇದೆ, ಅಲ್ಲಿ ಓದಿದ ಒಬ್ರ ಹತ್ರ ಮಾತಾಡಿದಾಗ ನನ್ನ ಪ್ರಶ್ನೆಗೆ ಅವ್ರು ಹೆದರ್ಲೇ ಇಲ್ಲ ಅನ್ನೋದು ನಂಗೆ ಆಶ್ಚರ್ಯ. ಆದ್ರೆ ಅಲ್ಲಿ ಚರ್ಚೆಯಾಗೋದು ಪೀಠದ ಮೇಲಿಂದ ಇಳಿದು ನಮ್ಮವರೆಗೆ ಬರೋದೇ ಇಲ್ಲ.

ನಿಮಗೆ ಒಂದೇ ಸಲಹೆ, ದುಃಖದ ಪ್ರಶ್ನೆಗೆ ವಾದದ ಉತ್ತರ ಹುಡುಕ್ಬೇಡಿ. ರಾತ್ರಿ ಹೊತ್ತು ಯೂಟ್ಯೂಬಲ್ಲಿ ದೇವ್ರು ಇದಾನಾ ಇಲ್ವಾ ಡಿಬೇಟ್ ನೋಡೋದು ಬಿಡಿ, ಎರಡು ಕಡೆಯವ್ರೂ ನಿಮ್ಮಪ್ಪನ ಬಗ್ಗೆ ಮಾತಾಡ್ತಿಲ್ಲ ಅಲ್ಲಿ. ಮತ್ತೆ ಮುಂದೊಂದು ದಿನ ನೀವು ನನ್ನ ತರಾನೇ ಹೊರಗೆ ಬಂದ್ರೂ ನೀವೇನು ಕೆಟ್ಟವರಾಗಲ್ಲ.

ಮಂಗಳೂರು, ಮತ್ತೆ

ಮೇಲಿನವರಿಗೆ: ನಿಮ್ಮಂಥವರು ಹನ್ನೊಂದು ಜನ ಶಿಷ್ಯರ ಮಧ್ಯದಲ್ಲೇ ಇದ್ರು. ಮತ್ತಾಯನ ಸುವಾರ್ತೆ 28ರಲ್ಲಿ ಎದ್ದುಬಂದ ಸ್ವಾಮಿಯನ್ನು ಕಣ್ಣಾರೆ ನೋಡಿ ಅಡ್ಡಬಿದ್ದಾಗಲೂ ಕೆಲವರು ಸಂಶಯಪಟ್ಟರು ಅಂತ ಇದೆ, ಯಾರ್ಯಾರು ಅಂತ ಬರೆದಿಲ್ಲ. ಜಗಳ ಅಲ್ಲ, ಹೇಳಿದೆ ಅಷ್ಟೆ.

ಮೈಸೂರು, ನರ್ಸ್ ಕೆಲಸ

ಯಾರೂ ಕೇಳದ್ದನ್ನ ನಾನು ಕೇಳ್ತೀನಿ. ನಿದ್ದೆ ಬರ್ತಿದ್ಯಾ? ಊಟ ಸೇರ್ತಿದ್ಯಾ? ಮುಂಚೆ ಖುಷಿ ಕೊಡ್ತಿದ್ದ ಕೆಲ್ಸ, ಸಿನಿಮಾ, ಫ್ರೆಂಡ್ಸು, ಅದೆಲ್ಲಾನೂ ಸಪ್ಪೆ ಆಗಿದ್ಯಾ ಅಥ್ವಾ ಪ್ರಾರ್ಥನೆ ಒಂದೇನಾ? ಒಂದೇ ಆದ್ರೆ ಅದು ಬೇರೆ ವಿಷ್ಯ, ಎಲ್ಲಾನೂ ಆದ್ರೆ ಡಾಕ್ಟರ್ ಹತ್ರ ಹೋಗ್ಬೇಕಾದ ವಿಷ್ಯ. ನಾನು ವಾರ್ಡಲ್ಲಿ ನೋಡಿದೀನಿ, ಡಿಪ್ರೆಶನ್ ಇದ್ದವ್ರನ್ನ ತಿಂಗಳುಗಟ್ಲೆ ಪ್ರಾರ್ಥನೆಗೆ ಕರ್ಕೊಂಡು ಹೋಗಿ ಕೊನೇಲಿ ಆಸ್ಪತ್ರೆಗೆ ತರ್ತಾರೆ. ಮಾತ್ರೆ ತಗೊಂಡ್ರೆ ನಂಬಿಕೆ ಇಲ್ಲ ಅಂತಲ್ಲ, ಶುಗರ್‌ಗೆ ಮಾತ್ರೆ ನುಂಗಿ ತಾನೇ ಪಾಸ್ಟರೂ ಪ್ರಸಂಗ ಮಾಡೋದು.

ಬೈಬಲಲ್ಲಿ 1 ಅರಸುಗಳು 19 ನೋಡಿ. ಎಲೀಯ ಅನ್ನೋ ಪ್ರವಾದಿ ಗಿಡದ ಕೆಳಗೆ ಮಲಗಿ ಸಾಕು ನನ್ನ ಪ್ರಾಣ ತಗೋ ಅಂತಾನೆ. ದೇವದೂತ ಬಂದು ಉಪದೇಶ ಮಾಡಲ್ಲ, ಎದ್ದು ತಿನ್ನು ಅಂತಾನೆ, ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು. ತಿಂದು ಮತ್ತೆ ಮಲಗ್ತಾನೆ. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸ್ತಾನೆ. ಇಲ್ಲೇನು ಮಾಡ್ತಿದ್ದೀ ಅನ್ನೋ ಪ್ರಶ್ನೆ ಬರೋದು ಎಷ್ಟೋ ದಿನ ಆದ್ಮೇಲೆ, ಬೆಟ್ಟ ಹತ್ತಿದ್ಮೇಲೆ.

ಸತ್ತು ಹೋಗ್ಬೇಕು ಅನ್ನೋ ಯೋಚ್ನೆ ಒಂದ್ಸಲ ಬಂದ್ರೂ 14416 ಗೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ್ದು, ಫ್ರೀ, ರಾತ್ರಿನೂ ಇರುತ್ತೆ, ಕನ್ನಡದಲ್ಲೇ ಮಾತಾಡ್ಬಹುದು. ಬೆಂಗಳೂರಲ್ಲೇ ಇದೀರಲ್ಲ, ನಿಮ್ಹಾನ್ಸೂ ಇದೆ. ಆಮೇಲೆ ಒಂದು, ಅಪ್ಪ ಹೋಗಿ ಇನ್ನೂ ವರ್ಷ ಆಗಿಲ್ಲ ಅನ್ಸುತ್ತೆ. ಡಯಾಲಿಸಿಸ್ ಪೇಷಂಟ್ ನೋಡ್ಕೊಂಡ ಮನೆಯವ್ರ ಸುಸ್ತು ಬೇರೆ ತರದ್ದು, ವಾರಕ್ಕೆ ಎರಡ್ಮೂರು ಸಲ ಆಸ್ಪತ್ರೆ, ಒಂದೊಂದ್ಸಲ ನಾಲ್ಕು ಗಂಟೆ, ನೀರು ಕುಡಿಸೋಕೂ ಲೆಕ್ಕ. ಆ ಸುಸ್ತೇ ಇನ್ನೂ ಇಳಿದಿರಲ್ಲ.

ಕುವೈತ್

ಇಲ್ಲಿ ರಜೆ ಶುಕ್ರವಾರ, ಹಾಗಾಗಿ ನಮ್ಮ ಆರಾಧನೆನೂ ಶುಕ್ರವಾರ. ಊರಲ್ಲಿದ್ದಾಗ ಸಂಶಯ ಅನ್ನೋದಕ್ಕೆ ಟೈಮೇ ಇರ್ಲಿಲ್ಲ, ಇಲ್ಲಿ ರೂಮಲ್ಲಿ ಒಬ್ನೇ ಕೂತಾಗ ಎಲ್ಲ ಬಂತು. ನಂಗೆ ಹೆಲ್ಪ್ ಆಗಿದ್ದು ಒಬ್ಬ ಮಲಯಾಳಿ ಅಂಕಲ್, ಉಪದೇಶ ಮಾಡ್ತಿರ್ಲಿಲ್ಲ, ಶುಕ್ರವಾರ ಕಾರಲ್ಲಿ ಕರ್ಕೊಂಡು ಹೋಗಿ ಕರ್ಕೊಂಡು ಬಂದು ಬಿಡ್ತಿದ್ರು. ಅಂಥವ್ರು ಒಬ್ರು ಸಿಕ್ರೆ ಸಾಕು, ಹತ್ತು ಜನ ಬೇಡ.

ಚಾಮರಾಜನಗರ, ಪಾಸ್ಟರಮ್ಮ

ಕ್ವಯರ್ ಬಗ್ಗೆ ಯಾರೂ ಹೇಳ್ಲಿಲ್ಲ, ನಾನು ಹೇಳ್ತೀನಿ. ಮಂಗಳೂರಿನಕ್ಕ ಏನೂ ಬದಲಾಯಿಸ್ಬೇಡಿ ಅಂದ್ರು, ನಾನು ಅಷ್ಟು ಒಪ್ಪಲ್ಲ. ಚರ್ಚ್ ಬಿಡೋದು ದೊಡ್ಡ ನಿರ್ಧಾರ, ಅದು ಈಗ ಬೇಡ. ಕ್ವಯರಿಂದ ನಾಲ್ಕಾರು ತಿಂಗಳು ರಜ ತಗೊಳ್ಳೋದು ಏನ್ ದೊಡ್ಡದು? ಗಂಟಲು ಸರಿಯಿಲ್ಲ ಅಂತ ಸುಳ್ಳು ಹೇಳ್ಬೇಡಿ, ಅಪ್ಪ ಹೋದ್ಮೇಲೆ ಹಾಡೋಕಾಗ್ತಿಲ್ಲ ಅಂತ ನೇರವಾಗಿ ಹೇಳಿ, ಅಷ್ಟಕ್ಕೆ ಯಾರೂ ಮರುಮಾತಾಡಲ್ಲ. ಹಿಂದಿನ ಬೆಂಚಲ್ಲಿ ಕೂತ್ಕೊಳ್ಳಿ, ಎದ್ದು ಹೋಗ್ಬೇಕು ಅನ್ಸಿದ್ರೆ ಎದ್ದು ಹೋಗಿ. ಯೇಸುವಿನ ಶಿಷ್ಯ ತೋಮನ್ನ ಎಲ್ರೂ ಸಂಶಯದವನು ಅಂತಾರೆ, ಆದ್ರೆ ಸ್ವಾಮಿ ಎದ್ದುಬಂದದ್ದನ್ನ ನಾನು ನಂಬೋದೇ ಇಲ್ಲ ಅಂತ ಹೇಳಿದ್ಮೇಲೂ ಎಂಟು ದಿನ ಕಳೆದು ನೋಡಿದ್ರೆ ಅವನು ಅದೇ ಮನೇಲಿ ಅವ್ರ ಜೊತೇನೇ ಇದಾನೆ, ಯಾರೂ ಅವನನ್ನ ಆಚೆಗೆ ಕಳಿಸಿಲ್ಲ. ಅದು ಅವನ ದೊಡ್ಡತನವೋ ಉಳಿದವ್ರ ದೊಡ್ಡತನವೋ ನಾನು ಸುಮಾರು ಸಲ ಯೋಚ್ನೆ ಮಾಡಿದೀನಿ. ನಮ್ಮ ಸಭೆಗಳಲ್ಲಿ ಅಷ್ಟು ದಿನ ತಡ್ಕೊಳ್ತೀವಾ ಅಂತ ನನಗೆ ಡೌಟು.

ಅಮ್ಮಂಗೆ ಹೇಳೋದಾ ಅಂದ್ರಲ್ಲ, ಹೇಳಿ. ಆದ್ರೆ ದೇವರಿಲ್ಲ ಅನ್ಸುತ್ತೆ ಅಂತ ಶುರು ಮಾಡ್ಬೇಡಿ, ಆ ಯಮ್ಮ ಈಗಾಗ್ಲೇ ಯಾರ ನಂಬಿಕೆ ಕಮ್ಮಿ ಅನ್ನೋ ಮಾತನ್ನ ಎದೇಲಿಟ್ಕೊಂಡು ಕೂತಿರ್ತಾರೆ, ನಂದೇ ಕಮ್ಮಿ ಇತ್ತೇನೋ ಅಂತ. ಆ ಮಾತು ತಪ್ಪು ಅಂತ ಮೊದ್ಲು ಅವ್ರಿಗೆ ಹೇಳಿ, ನಿಮಗೂ ಅವ್ರಿಗೂ ಇಬ್ರಿಗೂ ಅದೇ ಮಾತು ಚುಚ್ತಿರೋದು. ಲಾಜರ ಸತ್ತಾಗ ಅವನ ಅಕ್ಕಂದಿರು ಮಾರ್ಥಳೂ ಮರಿಯಳೂ ಇಬ್ರೂ ಬೇರೆಬೇರೆಯಾಗಿ ಬಂದು ಅದೇ ಮಾತು ಹೇಳ್ತಾರೆ, ಸ್ವಾಮಿ ನೀನು ಇಲ್ಲಿದ್ದಿದ್ರೆ ನನ್ನ ತಮ್ಮ ಸಾಯ್ತಿರ್ಲಿಲ್ಲ ಅಂತ. ಇಬ್ರಿಗೂ ಬೈಲಿಲ್ಲ ಸ್ವಾಮಿ, ಅತ್ತರು.

ಇನ್ನೇನು ವರ್ಷದ ಪ್ರಾರ್ಥನೆ ಬರುತ್ತಲ್ಲ ಅಪ್ಪಂದು, ಅದಕ್ಕೆ ಮುಂಚೆನೇ ನಿಮ್ಮ ಅಯ್ಯನವರ ಹತ್ರ ಹೋಗಿ ವಾಕ್ಯ ನಾವೇ ಆರಿಸ್ಕೊಳ್ತೀವಿ ಅಂತ ಕೇಳಿ, ಆ ಲಾಜರನ ಕತೆ ಇರೋ ಯೋಹಾನ 11 ಓದ್ಸಿ. ಸಾಕ್ಷಿ ಹೇಳೋಕೆ ಅಂತ ಯಾರಿಗೂ ಮೈಕ್ ಕೊಡ್ಬೇಡಿ, ಮುಖ್ಯವಾಗಿ ಆ ದರ್ಶನದವ್ರಿಗೆ. ಊಟದ ವ್ಯವಸ್ಥೆ ನೆಂಟರ ಕೈಗೆ ಬಿಟ್ಬಿಡಿ, ನೀವು ಅಮ್ಮನ ಪಕ್ಕ ಕೂತಿರಿ.