ಹಿಮ ಬೀಳ್ದಿದ್ರ ಗುಲ್ಮಾರ್ಗ್‌ನಾಗ ಸ್ಕೀಯಿಂಗ್ ಹೆಂಗ್ರಿ?

ಕಲಬುರಗಿ ಹುಡುಗ: ನಮಸ್ಕಾರ್ರಿ, ನಾವ್ ನಾಕ್ ಮಂದಿ ಫೆಬ್ರವರಿನಾಗ ಸ್ಕೀಯಿಂಗ್ ಕಲೀಲಿಕ್ಕ ಗುಲ್ಮಾರ್ಗ್‌ಗೆ ಹೋಗ್ಬೇಕಂತ ಮಾಡೀವಿ, ಆದ್ರ 2025ರಾಗ ಹಿಮ ಕಮ್ಮಿ ಅಂತ ಖೇಲೋ ಇಂಡಿಯಾ ವಿಂಟರ್ ಗೇಮ್ಸೇ ಮಾರ್ಚ್‌ಗೆ ಮುಂದ ಹಾಕಿದ್ರಲ್ಲ, ಅದ್ಕ ಅಂಜಿಕಿ. ಹಿಂಗಾದ್ರ ರಿಸಾರ್ಟ್‌ನವ್ರು ಏನ್ ಮಾಡ್ತಾರ?

ಬೀದರ್ ಅಕ್ಕ: ಭಾಳ ದೇಶದಾಗ ಮಷಿನ್‌ಲೇ ಹಿಮ ಮಾಡ್ತಾರ ತಮ್ಮಾ. ನೀರಿನ ಸಣ್ಣ ಹನಿ ಜೋರಾಗಿ ಹಾರಸ್ತಾರ, ನೆಲಕ್ಕ ಬೀಳೋದ್ರಾಗ ಹೆಪ್ಪುಗಟ್ತಾವ, ಆದ್ರ ಥಂಡಿ ಇರ್ಲೇಬೇಕು, ಗಾಳಿ ಒಣ ಇದ್ರ ಇನ್ನೂ ಚೊಲೊ, ನಮ್ ಕಡಿ ಬ್ಯಾಸಿಗ್ಯಾಗ ಕೂಲರ್ ನಡೀತದಲ್ಲ ಅದೇ ಲೆಕ್ಕ. 2022ರ ಬೀಜಿಂಗ್ ವಿಂಟರ್ ಒಲಿಂಪಿಕ್ಸ್ ಹೆಚ್ಚುಕಮ್ಮಿ ಪೂರಾ ಇಂಥ ಹಿಮದ ಮ್ಯಾಲೇ ಆಗ್ಯದ. ಉತ್ತರಾಖಂಡದ ಔಲಿಯಾಗ ಇದಕ್ಕಂತ್ಲೇ ಕೆರಿ ಕಟ್ಯಾರ.

ಯಾದಗಿರಿಯಂವ: ಅಕ್ಕಾರ ಹೇಳಿದ್ದು ಖರೆ, ಆದ್ರ ನೀರು ಕರೆಂಟು ಭಾಳ ತಿಂತದ್ರಿ, ನೀರಿನ ಬರ ಕಂಡ ನಮಗ ಅದು ನುಂಗಲಿಕ್ಕಾಗಲ್ಲ. ನನಗ ಸೇರಿದ್ದು ಸ್ವಿಟ್ಜರ್ಲೆಂಡ್‌ನ ದಾವೋಸ್‌ನವ್ರ ಕೆಲ್ಸ, ಚಳಿಗಾಲದ ಹಿಮ ಗುಡ್ಡಿ ಹಾಕಿ ಮ್ಯಾಲ ದಪ್ಪಗ ಕಟ್ಟಿಗಿ ಹೊಟ್ಟು ಮುಚ್ಚಿ ಬ್ಯಾಸಿಗಿ ದಾಟಸ್ತಾರ. ನಮ್ಮಪ್ಪನ ಸೋಡಾ ಅಂಗಡ್ಯಾಗ ಬರ್ಫದ ಗಡ್ಡಿ ಹಿಂಗೇ ಹೊಟ್ಟು ಹಾಕಿ ಗೋಣಿಚೀಲದಾಗ ಸುತ್ತಿಡ್ತಿದ್ವಿ, ಸಂಜಿತನ ತಡೀತಿತ್ತು. ತಾರೀಖು ಬದಲ್ಸಲಿಕ್ಕ ಬರೋ ಟಿಕೆಟ್ಟೇ ತಗೋರಿ.

ಕಲಬುರಗಿ ಹುಡುಗ: ಥ್ಯಾಂಕ್ಸ್ ಅಣ್ಣಾ, ಅಕ್ಕಾ. ಟಿಕೆಟ್ ಹಂಗೇ ನೋಡ್ತೀನಿ.