ಎಬೋಲಾ ಲಸಿಕೆ: ಪ್ಲಸೀಬೊ ಇಲ್ಲದೆ ಶೇ. 100 ಹೇಗೆ?

ಪ್ರಶ್ನೆ: 2015ರಲ್ಲಿ ಪಶ್ಚಿಮ ಆಫ್ರಿಕಾದ ಗಿನಿಯಲ್ಲಿ ನಡೆದ ಎಬೋಲಾ ಲಸಿಕೆ ಪ್ರಯೋಗದಲ್ಲಿ ಪ್ಲಸೀಬೊ (ಲಸಿಕೆಯ ಬದಲು ಮದ್ದಿಲ್ಲದ ಚುಚ್ಚುಮದ್ದು) ಪಡೆದ ಗುಂಪೇ ಇರಲಿಲ್ಲ. ಆದರೂ ಶೇ. 100 ರಕ್ಷಣೆ ಎಂದರು. ಲೆಕ್ಕ ಹಾಕಿದ್ದು ಹೇಗೆ? ಮೈನಸ್ 60 ಡಿಗ್ರಿಯ ಲಸಿಕೆಯನ್ನು ಕರೆಂಟಿಲ್ಲದ ಹಳ್ಳಿಗೆ ಒಯ್ದದ್ದು ಹೇಗೆ?

ಉತ್ತರ 1: ರಿಂಗ್ ವಿಧಾನ. ಸಿಡುಬನ್ನು ಓಡಿಸಿದ್ದೂ ಇದೇ ಉಪಾಯವೇ. ಒಬ್ಬರಿಗೆ ರೋಗ ಖಚಿತವಾದ ಕೂಡಲೇ ಅವರ ಸಂಪರ್ಕಕ್ಕೆ ಬಂದವರು, ಆ ಸಂಪರ್ಕಿತರ ಒಡನಾಟದವರು, ಇಷ್ಟು ಜನರ ಪಟ್ಟಿ ಒಂದು ರಿಂಗ್. ಚೀಟಿ ಎತ್ತಿದ ಹಾಗೆ ಕೆಲವು ರಿಂಗ್‌ಗಳಿಗೆ ತಕ್ಷಣ, ಉಳಿದವಕ್ಕೆ 21 ದಿನ ಬಿಟ್ಟು ಲಸಿಕೆ. ಕಾದವರೇ ಹೋಲಿಕೆಯ ಗುಂಪು.

ಮೊದಲ 10 ದಿನದ ಪ್ರಕರಣಗಳನ್ನು ಎರಡೂ ಕಡೆ ಲೆಕ್ಕದಿಂದ ಬಿಟ್ಟರು. ಚುಚ್ಚುವ ಮೊದಲೇ ಸೋಂಕು ತಗುಲಿದವರನ್ನು ಲಸಿಕೆ ಕಾಪಾಡದು. ಪ್ರತಿಕಾಯ ಏರಲೂ ದಿನ ಹಿಡಿಯುತ್ತದೆ. ಆಮೇಲೆ ತಕ್ಷಣದ ಗುಂಪಿನಲ್ಲಿ ಸೊನ್ನೆ ಪ್ರಕರಣ, ತಡವಾದದ್ದರಲ್ಲಿ 16. ಹಾಗಾಗಿ ಶೇ. 100. ಇದು ಮಧ್ಯಂತರ ಫಲಿತಾಂಶ. ವಿಶ್ವಾಸ ವ್ಯಾಪ್ತಿಯ (ನಿಜವಾದ ರಕ್ಷಣೆ ಇರಬಹುದಾದ ಅಂದಾಜು ಮಿತಿ) ಕೆಳ ತುದಿ ಶೇ. 74.7. ಸುದ್ದಿ ಬರೆದವರು ಆ ಕೊನೆಯ ಅಂಕಿಯನ್ನು ನುಂಗಿಬಿಟ್ಟರು. ಜುಲೈಯಲ್ಲಿ ಚೀಟಿ ಎತ್ತುವುದು ನಿಂತಿತು, ಎಲ್ಲ ರಿಂಗ್‌ಗಳಿಗೂ ತಕ್ಷಣವೇ ಲಸಿಕೆ.

ಉತ್ತರ 2: ಹಳ್ಳಿಗೆ ಒಯ್ದದ್ದು ಆರ್ಕ್‌ಟೆಕ್‌ನಲ್ಲಿ. ದೊಡ್ಡ ಥರ್ಮಾಸ್ ಅಂದುಕೊಳ್ಳಿ, ಕರೆಂಟಿಲ್ಲದೆ ನಾಲ್ಕೈದು ದಿನ ಆ ಚಳಿ ಹಿಡಿದಿಡುತ್ತದೆ. ಕರಗಿಸಿದ ವೈಯಲ್ 2–8 ಡಿಗ್ರಿಯಲ್ಲಿ 14 ದಿನ, ಹೊರಗೆ 25 ಡಿಗ್ರಿವರೆಗೆ 4 ಗಂಟೆ ಬಾಳುತ್ತದೆ. ಮತ್ತೆ ಫ್ರೀಜ್ ಮಾಡುವಂತಿಲ್ಲ. ಹಾಗಾಗಿ ರಿಂಗ್‌ನ ಪಟ್ಟಿ ಕೈಗೆ ಬರುವ ಮೊದಲೇ ಕರಗಿಸಿದರೆ ಡೋಸ್ ಹಾಳಾಗಬಹುದು. ಕರಗಿಸಿದ ದಿನಾಂಕವನ್ನು ಡಬ್ಬಿಯ ಮೇಲೇ ಬರೆಯಬೇಕು.

ಉತ್ತರ 3: ಲ್ಯಾಬ್‌ನವರು ಎಡವುವ ಜಾಗ ಬೇರೆ. ದನ, ಕುದುರೆಗಳ ಬಾಯಲ್ಲಿ ಬೊಕ್ಕೆ ಎಬ್ಬಿಸುವ ವಿಎಸ್‌ವಿ ವೈರಸ್‌ನ ಮೇಲ್ಮೈ ಪ್ರೋಟೀನ್ ಕಿತ್ತು, ಎಬೋಲಾದ ಜಿಪಿ ಪ್ರೋಟೀನ್ ಕೂರಿಸಿದ ಲಸಿಕೆ ಇದು, ವೈರಸ್ ಜೀವಂತ. ಚುಚ್ಚಿದ ಮೇಲೆ ಜ್ವರ ಮಾಮೂಲು. ಆಗ ಎಬೋಲಾ ಇದೆಯೇ ಎಂದು ಜಿಪಿ ಜೀನ್ ಹುಡುಕುವ ಪಿಸಿಆರ್ ಪರೀಕ್ಷೆ ಮಾಡಿದರೆ ಲಸಿಕೆಯೇ ಪಾಸಿಟಿವ್ ಕೊಡಬಹುದು. ಲಸಿಕೆಯಲ್ಲಿಲ್ಲದ, ಎಬೋಲಾದ ಇನ್ನೊಂದು ಜೀನ್ ಆದ ಎನ್‌ಪಿ ನೋಡಿ.

ಪ್ರಶ್ನಿಸಿದವರು: ಧನ್ಯವಾದ. 2022ರಲ್ಲಿ ಉಗಾಂಡಾಕ್ಕೂ ಇದನ್ನೇ ಕಳಿಸಬಹುದಿತ್ತಲ್ಲ?

ಉತ್ತರ 1: ಆಗದು. ಅಲ್ಲಿದ್ದದ್ದು ಎಬೋಲಾದ ಇನ್ನೊಂದು ಬಗೆಯಾದ ಸುಡಾನ್ ವೈರಸ್, ಈ ಲಸಿಕೆ ಜೈರ್ ಬಗೆಗೆ, ಜಿಪಿ ಬೇರೆ. ಸೆಪ್ಟೆಂಬರ್ 20ಕ್ಕೆ ರೋಗ ಘೋಷಣೆ, ಸುಡಾನ್ ವೈರಸ್‌ನ ಪ್ರಾಯೋಗಿಕ ಲಸಿಕೆ ಇಳಿದದ್ದು ಡಿಸೆಂಬರ್ 8ಕ್ಕೆ. ಅಷ್ಟರಲ್ಲಿ ರಿಂಗ್ ಕಟ್ಟಲು ಹೊಸ ರೋಗಿಗಳೇ ಇರಲಿಲ್ಲ. 2025ರಲ್ಲಿ ಉಗಾಂಡಾದಲ್ಲಿ ಅದೇ ವೈರಸ್ ಮತ್ತೆ ಬಂದಾಗ ಜನವರಿ 30ಕ್ಕೆ ಘೋಷಣೆ, ಫೆಬ್ರವರಿ 3ಕ್ಕೆ ಲಸಿಕೆ ಶುರು. ಲಸಿಕೆ ಸಂಶೋಧಿಸುವ ಐಎವಿಐ ಸಂಸ್ಥೆಯ ಡೋಸ್‌ಗಳು ಮೊದಲೇ ಉಗಾಂಡಾದಲ್ಲಿದ್ದವು. ಮಕೆರೆರೆ ವಿಶ್ವವಿದ್ಯಾಲಯ, ಡಬ್ಲ್ಯುಎಚ್‌ಒ ಸೇರಿ ಪ್ರಯೋಗದ ಕಾಗದಪತ್ರಗಳ ತಯಾರಿಯನ್ನೂ ಮುಂಚೆಯೇ ಮಾಡಿಟ್ಟಿದ್ದವು.